ಬಹಾದ್ದೂರನ ಮಗಳ ಲಗ್ನಕ್ಕೆ, ಬಂದ್ ಬೀಳುವ ಗಾಡಿಯ ಮೇಲೆ

ನೇಪಾಳಕ್ಕೆ ಹೋಗಿ ಬಂದೆವು ಅಂದರೆ ನಮ್ಮ ಲಕ್ಷ್ಮೇಶ್ವರದಲ್ಲಿ ಎಲ್ಲರೂ ಮೊದಲು ಕೇಳುವುದು, ಪಶುಪತಿನಾಥನ ದರ್ಶನ ಚೆನ್ನಾಗಿ ಆಯಿತೇ ಎಂದು. ಆಗಲಿಲ್ಲ. ಆ ಕಡೆಗೆ ನಾವು ಹೋಗಲೇ ಇಲ್ಲ. ಆಮೇಲೆ ಕೇಳುವುದು ಹಿಮದ ಗುಡ್ಡಗಳ ಬಗ್ಗೆ. ಅವೂ ಕಾಣಲಿಲ್ಲ, ಇದ್ದಷ್ಟು ದಿನವೂ ಮೋಡ. ಅಲ್ಲಿ ನಾವು ಹತ್ತಿರದಿಂದ, ಮತ್ತೆ ಮತ್ತೆ, ಬೇಸರ ಬರುವಷ್ಟು ನೋಡಿದ್ದು ನಮ್ಮದೇ ಮೋಟರ್‌ಸೈಕಲ್ಲಿನ ಎಂಜಿನ್ನನ್ನು.

ಹೋದದ್ದು ಒಂದು ಲಗ್ನಕ್ಕೆ. ನಮ್ಮ ಬಜಾರಿನ ಗೂರ್ಖಾ ಬಹಾದ್ದೂರನ ಮಗಳ ಲಗ್ನ. ನಾನು ಮುಂಡರಗಿಯಿಂದ ಸೊಸೆಯಾಗಿ ಬಂದಾಗಲೇ ಅವನು ಲಕ್ಷ್ಮೇಶ್ವರದಲ್ಲಿದ್ದ. ರಾತ್ರಿಯಿಡೀ ಕೋಲು ಕುಟ್ಟುತ್ತ, ಸೀಟಿ ಊದುತ್ತ ಓಣಿಗಳನ್ನು ಸುತ್ತಿ, ಬೆಳಕು ಹರಿಯುವ ಹೊತ್ತಿಗೆ ನಮ್ಮ ಗಿರಣಿಯ ಕಟ್ಟೆಗೆ ಬಂದು ಕೂರುತ್ತಿದ್ದ. ನಮ್ಮದು ಹಿಟ್ಟಿನ ಗಿರಣಿ. ಬೇಸಿಗೆಯಲ್ಲಿ ಖಾರವನ್ನೂ ಕುಟ್ಟಿಕೊಡುತ್ತೇವೆ. ಅವನು ಕನ್ನಡ ಕಲಿತದ್ದು ಆ ಕಟ್ಟೆಯ ಮೇಲೆ, ಜೋಳದ ಬುಟ್ಟಿ ಇಟ್ಟುಕೊಂಡು ಸರದಿಗೆ ಕುಳಿತ ಹೆಂಗಸರ ಬಾಯಿಂದ. ವರ್ಷಕ್ಕೊಮ್ಮೆ ಊರಿಗೆ ಹೊರಟಾಗ ನಮ್ಮ ಮನೆಯವರು ತಮಾಷೆಗೆ ಹೇಳುತ್ತಿದ್ದರು: "ನಿನ್ನ ಮಗಳ ಲಗ್ನಕ್ಕ ಇದ ಗಾಡಿ ಮ್ಯಾಲ ಬರ್ತೇನಿ ನೋಡಲೇ."

ಕೆಲವು ವರ್ಷಗಳ ಹಿಂದೆ ಮೊಣಕಾಲು ಸೋತು ಅವನು ಊರಿಗೇ ಹೋಗಿಬಿಟ್ಟ. ಹಬ್ಬಕ್ಕೊಮ್ಮೆ ಫೋನು ಮಾಡುತ್ತಿದ್ದ. ಈ ಸಲದ ಫೋನಿನಲ್ಲಿ, "ಅಣ್ಣಾರ, ಮಗಳ ಲಗ್ನ ಗೊತ್ತಾತ್ರಿ. ಗಾಡಿ ಮ್ಯಾಲ ಬರ್ತೇನಿ ಅಂದಿದ್ರಿ" ಎಂದ. ಕರೆಯುವವನ ದನಿಯಲ್ಲಿ ಬರುತ್ತಾರೆಂಬ ನಂಬಿಕೆ ಇರಲಿಲ್ಲ. ನಮ್ಮ ಮನೆಯವರಿಗೆ ಚುಚ್ಚಿದ್ದು ಅದೇ. ಫೋನಿಟ್ಟವರೇ, "ಹೋಗೂಣು" ಎಂದರು.

ಖಾರದ ಸುಗ್ಗಿ ಮುಗಿಯುತ್ತ ಬಂದಿತ್ತು. ಗಿರಣಿಯನ್ನು ಮೈದುನನಿಗೆ ಒಪ್ಪಿಸಿದೆವು. ಗಾಡಿ ನಮ್ಮ ಮದುವೆಯಷ್ಟೇ ಹಳೆಯದು. ಅದಕ್ಕೆ ಎಂಜಿನ್ ಕೆಲಸ ಮಾಡಿಸಿ, ಗದಗಿನಲ್ಲಿ ಸೀಟು ಹೊಲಿಯುವವನ ಹತ್ತಿರ ಪೆಟ್ರೋಲ್ ಟ್ಯಾಂಕಿಗೊಂದು ಹೊಸ ಹೊದಿಕೆಯನ್ನೂ ಹೊಲಿಸಿದರು. ಕಪ್ಪು ರೆಕ್ಸಿನ್, ಒಳಗೆ ಸ್ಪಂಜು, ಕಾಗದಪತ್ರ ಇಡಲು ಜೇಬು. ಟ್ಯಾಂಕಿನ ಮುಚ್ಚಳದ ಮೇಲೆ ಮಳೆನೀರು ಬೀಳದಂತೆ ಗುಂಡಿ ಹಾಕುವ ಒಂದು ಪಟ್ಟಿ. ಆ ಪಟ್ಟಿ ಇವರದೇ ಯೋಚನೆ. ಬೆಟಗೇರಿಯ ನಮ್ಮ ನೆಂಟರಿಗೆಲ್ಲ ಗುಂಡಿ ಹಾಕಿ, ಬಿಚ್ಚಿ ತೋರಿಸಿದ್ದಾಯಿತು. ಹುಬ್ಬಳ್ಳಿಯಲ್ಲಿ ಗಾಡಿಗೆ ಗೋಣಿತಾಟು ಸುತ್ತಿ ರೈಲಿಗೆ ಹಾಕಿ, ಗೋರಖಪುರದಲ್ಲಿ ಇಳಿಸಿಕೊಂಡೆವು.

ಸೋನೌಲಿ

ಇನ್ನೊಂದು ದೇಶಕ್ಕೆ ಹೋಗುವುದೆಂದರೆ ದೊಡ್ಡದೇನೋ ಇರುತ್ತದೆ ಅಂದುಕೊಂಡಿದ್ದೆ. ಗಡಿಯಲ್ಲಿ ಒಂದು ಕಮಾನು ದಾಟಿದೆವು, ಅಷ್ಟೇ. ಆಚೆಯೂ ಅದೇ ಧೂಳು, ಅದೇ ಸೈಕಲ್ ರಿಕ್ಷಾ, ಅದೇ ಬಾಳೆಹಣ್ಣಿನ ಗಾಡಿ. ಬದಲಾದದ್ದು ಗಡಿಯಾರ ಮಾತ್ರ. ನೇಪಾಳದ ಹೊತ್ತು ನಮ್ಮದಕ್ಕಿಂತ ಕಾಲು ಗಂಟೆ ಮುಂದೆ. ನಮ್ಮ ಮನೆಯವರು ಕೈಗಡಿಯಾರ ತಿರುವಲು ಒಪ್ಪಲಿಲ್ಲ.

"ಕಾಲ ತಾಸಿಗೆ ಯಾಕ ತ್ರಾಸ? ಇದು ಲಕ್ಷ್ಮೇಶ್ವರದ ಟೈಮನ ಇರ್ಲಿ."

ಗಾಡಿಗೆ ಪರವಾನಗಿ ಕೊಡುವ ಕಚೇರಿಯಲ್ಲಿದ್ದವರು ನಂಬರ್ ಪ್ಲೇಟು ನೋಡಿ, "ಬೆಂಗಳೂರಾ?" ಎಂದು ಕೇಳಿದರು. "ಗದಗ" ಎಂದರು ಇವರು. ಆ ಮನುಷ್ಯ ಬಹಳ ಗೌರವದಿಂದ ತಲೆ ಆಡಿಸಿದರು. ಗದಗ ಎಲ್ಲಿದೆ ಎಂದು ಅವರಿಗೆ ಖಂಡಿತ ಗೊತ್ತಿರಲಿಲ್ಲ, ಆದರೆ ಇವರಿಗೆ ಆ ದಿನಕ್ಕೆ ಅಷ್ಟು ಸಾಕಾಯಿತು.

ಲಗ್ನಕ್ಕೆ ಇನ್ನೂ ದಿನಗಳಿದ್ದವು. ಎರಡು ದಿನ ಮೊದಲೇ ಹೋಗಿ ಹಂದರ ಹಾಕಲು ಕೈಜೋಡಿಸಬೇಕು ಎಂಬುದು ನಮ್ಮ ಲೆಕ್ಕ. ನಮ್ಮ ಕಡೆ ಲಗ್ನಕ್ಕೆ ಅಕ್ಷತೆಯ ಹೊತ್ತಿಗೆ ಬರುವವರು ಪರಿಚಯದವರು, ಮೊದಲೇ ಬರುವವರು ಮನೆಯವರು. ನಾವು ಮನೆಯವರಾಗಿ ಹೋಗಬೇಕೆಂದಿದ್ದೆವು.

ಬುಟವಲ್

ಬುಟವಲ್‌ವರೆಗಿನ ರಸ್ತೆ ಹುಬ್ಬಳ್ಳಿ ರಸ್ತೆಯ ಹಾಗೆ ಸಪಾಟು. ದೂರದಲ್ಲಿ ಗುಡ್ಡಗಳ ಸಾಲು ಒಮ್ಮೆಲೇ ಗೋಡೆಯಂತೆ ಎದ್ದು ನಿಂತಿತ್ತು. ನಮ್ಮ ಕಪ್ಪತಗುಡ್ಡ ಅದರ ಮುಂದೆ ಹೊಲದ ಬದುವಿನ ಹಾಗೆ ಕಂಡೀತು. ಅದನ್ನು ನೋಡುತ್ತಿರುವಾಗಲೇ ಮಳೆ ಬಂತು. ಇವರು ಗಾಡಿ ನಿಲ್ಲಿಸಿ, ಟ್ಯಾಂಕಿನ ಪಟ್ಟಿ ಎಳೆದು ಗುಂಡಿ ಹಾಕಿ, ಅದರ ಮೇಲೊಮ್ಮೆ ಕೈ ಸವರಿ, ಮಳೆಯಂಗಿ ತೊಟ್ಟು ಮತ್ತೆ ಹೊರಟರು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಡಿ ಎರಡು ಸಲ ಬಿಕ್ಕಿತು. ವೇಗ ತಾನಾಗಿ ಇಳಿಯಿತು. ರಸ್ತೆಯ ಬದಿಗೆ ಹೋಗಿ ಬಂದ್ ಬಿತ್ತು.

ಇವರು ಇಳಿದು ಗಾಡಿ ಅಲ್ಲಾಡಿಸಿ ಟ್ಯಾಂಕಿಗೆ ಕಿವಿ ಕೊಟ್ಟರು. ಪೆಟ್ರೋಲು ಕುಲುಕಿತು. "ಪೆಟ್ರೋಲ ಐತಿ. ಪ್ಲಗ್ಗಿಗೆ ನೀರು ಹೊಕ್ಕೈತಿ" ಎಂದರು. ಚೀಲದಿಂದ ಪಾನಾ ತೆಗೆದು, ಪ್ಲಗ್ಗು ಬಿಚ್ಚಿ, ಉಸುಕು ಕಾಗದದಿಂದ ತಿಕ್ಕಿ, ಒರೆಸಿ ಹಾಕಿದರು. ಕಿಕ್ಕು ಹೊಡೆದರೆ ಒಂದೇ ಏಟಿಗೆ ಚಾಲೂ ಆಯಿತು. "ನೋಡು" ಎಂದು ನನ್ನ ಕಡೆ ತಿರುಗಿದರು. ನೋಡಿದೆ. ಮತ್ತೆ ಅಷ್ಟೇ ದೂರ ಹೋಗಿ ಬಂದ್ ಬಿತ್ತು. ಮತ್ತೆ ಪ್ಲಗ್ಗು, ಮತ್ತೆ ಒಂದೇ ಏಟಿಗೆ ಚಾಲೂ.

ಬುಟವಲ್ಲಿನ ಮೆಕ್ಯಾನಿಕ್ಕು ದಪ್ಪ ಮೀಸೆಯ, ನಿಧಾನದ ಮನುಷ್ಯ. ಹುರಿದ ಕಡಲೆ ತಿನ್ನುತ್ತ ನಮ್ಮ ಕಥೆ ಪೂರ್ತಿ ಕೇಳಿಸಿಕೊಂಡರು. ಅಲ್ಲಿಯವರ ಈ ಗುಣ ನನಗೆ ಹಿಡಿಸಿತು. ನಡುವೆ ಬಾಯಿ ಹಾಕುವುದಿಲ್ಲ. ಆಮೇಲೆ, "ನಿಮ್ಮ ಭಾರತದ ಪೆಟ್ರೋಲು ಸರಿಯಿಲ್ಲ" ಎಂದರು. ಗೋರಖಪುರದ ಪಂಪಿನವನು ನಮಗೆ ನೇಪಾಳದ ಪೆಟ್ರೋಲಿನ ಬಗ್ಗೆ ಇದೇ ಮಾತು ಹೇಳಿ ಟ್ಯಾಂಕು ತುಂಬಿಸಿ ಕಳಿಸಿದ್ದ. ಟ್ಯಾಂಕಿನ ಹೊದಿಕೆ ತೆಗೆದು, ಕಾರ್ಬುರೇಟರ್ ಬಿಚ್ಚಿ ತೊಳೆದು, ಪ್ಲಗ್ಗಿನ ಟೊಪ್ಪಿಗೆಗೆ ಪ್ಲಾಸ್ಟಿಕ್ಕು ಸುತ್ತಿಕೊಟ್ಟರು. ಅಷ್ಟಕ್ಕೆ ಎರಡು ದಿನ ಹೋದವು, ಆ ಹೊತ್ತಿಗೆ ಮಳೆ ನಿಂತಿತ್ತು. ಇವರು ಊರಿನಲ್ಲಿ ಎರಡು ಸುತ್ತು ಹೊಡೆದು ಬಂದರು. ಗಾಡಿ ಹೊಸದರ ಹಾಗೆ ಓಡಿತು.

"ಕಾರ್ಬುರೇಟರದಾಗ ಕಸ ಇತ್ತು ನೋಡಲೇ ಗಿರಿಜಾ. ಮುಗೀತ ಇನ್ನ."

ತಾನ್‌ಸೇನ್

ಬುಟವಲ್ಲಿನಿಂದ ಮೇಲೆ ಹತ್ತುವ ದಾರಿಯಲ್ಲಿ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕೆಳಗೆಲ್ಲೋ ಹೊಳೆ. ಗುಡ್ಡದ ಮೈಯಿಂದ ಕಲ್ಲುಗಳು ಉದುರುತ್ತಿರುತ್ತವೆ. ಬಸ್ಸಿನವರು ಅಲ್ಲಿ ಸಿದ್ಧಬಾಬಾನ ಗುಡಿಗೆ ಕುಳಿತಲ್ಲಿಂದಲೇ ಕೈ ಮುಗಿದು ಹೋಗುತ್ತಾರೆ. ನಮ್ಮ ಕಡೆ ಗುಡಿಯ ಮುಂದೆ ಗಾಡಿ ನಿಧಾನ ಮಾಡುತ್ತಾರೆ. ಇಲ್ಲಿ ಜೋರು ಮಾಡುತ್ತಾರೆ. ಕಲ್ಲು ಬೀಳುವ ಮೊದಲು ದಾಟಬೇಕಲ್ಲ.

ಬಿಸಿಲಿರುವವರೆಗೆ ಗಾಡಿ ಒಂದು ಮಾತೂ ಆಡದೆ ಹತ್ತಿತು. ಮಧ್ಯಾಹ್ನ ಮೋಡ ಕವಿದು ಮಳೆ ಹಿಡಿಯಿತು. ಇವರು ಪಟ್ಟಿಯ ಗುಂಡಿ ಹಾಕಿದರು. ಒಂದೆರಡು ತಿರುವು ಹತ್ತಿದ್ದೆವೋ ಇಲ್ಲವೋ, ಏರಿನ ನಟ್ಟನಡುವೆ ಬಂದ್.

ಗಾಡಿ ಹಿಂದಕ್ಕೆ ಜಾರತೊಡಗಿತು. ನಾನು ಹಾರಿ ಇಳಿದು ಹಿಂದಿನಿಂದ ಒತ್ತಿ ಹಿಡಿದೆ. ಕೆಳಗಿನಿಂದ ಬಂದ ಲಾರಿಯವನು ನಿಲ್ಲಿಸಿ, ಕಲ್ಲೊಂದನ್ನು ತಂದು ಗಾಲಿಯ ಹಿಂದೆ ಇಟ್ಟ. ಹೊರಡುವಾಗ ಕಲ್ಲನ್ನು ತೋರಿಸಿ, ಹೋಗುವಾಗ ಇದನ್ನು ದಾರಿಯಿಂದ ತೆಗೆದು ಹೋಗಿ ಎಂದು ಕೈಸನ್ನೆ ಮಾಡಿದ. ಆ ದಿನ ನಮ್ಮ ಗಾಲಿಯ ಹಿಂದೆ ಎಷ್ಟು ಕಲ್ಲು ಇಟ್ಟೆವು, ಎಷ್ಟು ತೆಗೆದೆವು ಎಂಬುದಕ್ಕೆ ಲೆಕ್ಕವಿಲ್ಲ.

ನಿಂತಲ್ಲೆಲ್ಲ ಜನ. ಹಣೆಗೆ ಪಟ್ಟಿ ಕಟ್ಟಿ ಬೆನ್ನ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸರು ಹೊರೆಯನ್ನು ಇಳಿಸದೆಯೇ ನಿಂತು ನೋಡುತ್ತಿದ್ದರು. ಒಬ್ಬ ಮೇಷ್ಟ್ರು ಕಾಯಿಲ್ ಸುಟ್ಟಿರಬೇಕೆಂದರು. ಹಾಲಿನ ಕ್ಯಾನು ಕಟ್ಟಿಕೊಂಡು ಹೊರಟವನೊಬ್ಬ, ಎತ್ತರದಲ್ಲಿ ಗಾಡಿಗೂ ಉಸಿರು ಕಟ್ಟುತ್ತದೆ ಎಂದ. ಇವರು ಎಲ್ಲರ ಮಾತನ್ನೂ ಕೇಳಿದರು, ಎಲ್ಲವನ್ನೂ ಮಾಡಿ ನೋಡಿದರು. ಸೋಜಿಗವೆಂದರೆ ಏನು ಮಾಡಿದರೂ ಗಾಡಿ ಚಾಲೂ ಆಗುತ್ತಿತ್ತು. ವೈರು ಒರೆಸಿದರೂ ಆಗುತ್ತಿತ್ತು, ಪ್ಲಗ್ಗು ತಿಕ್ಕಿದರೂ ಆಗುತ್ತಿತ್ತು. ಹಾಗಾಗಿ ಪ್ರತಿ ಸಲವೂ ರೋಗ ಸಿಕ್ಕಿತೆಂದೇ ಇವರ ನಂಬಿಕೆ. ಮತ್ತೆ ಪಟ್ಟಿಯನ್ನು ಬಿಗಿಯಾಗಿ ಎಳೆದು, ಅಂಗೈಯಿಂದ ಒತ್ತಿ, ಹೊರಡುವುದು.

ತಾನ್‌ಸೇನ್ ಮುಟ್ಟುವಷ್ಟರಲ್ಲಿ ದಿನ ಮುಳುಗಿತ್ತು. ಇಳಿದುಕೊಂಡ ಮನೆಯ ಯಜಮಾನಿ ಅನ್ನ, ಬೇಳೆ, ಸೊಪ್ಪು ಬಡಿಸಿದಳು. ತಾಟು ಅರ್ಧ ಖಾಲಿಯಾದರೆ ಸಾಕು, ಕೇಳದೆಯೇ ಮತ್ತೆ ಹಾಕುತ್ತಾಳೆ. ಬೇಡವೆಂದರೆ ಮುಖ ಸಣ್ಣ ಮಾಡುತ್ತಾಳೆ. ಈ ಒಂದು ವಿಷಯದಲ್ಲಿ ನಮ್ಮೂರಿಗೂ ಅವರೂರಿಗೂ ಫರಕಿಲ್ಲ. ನಾನು ಚೀಲದಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತೆಗೆದೆ. ಯಜಮಾನಿ ರೊಟ್ಟಿಯನ್ನು ಬೆರಳಿನಿಂದ ಬಡಿದು ಸಪ್ಪಳ ಕೇಳಿ, ಇದನ್ನು ತಿನ್ನುತ್ತೀರಾ ಎಂದು ನಕ್ಕಳು. ಚಟ್ನಿ ನಾಲಿಗೆಗೆ ತಾಗಿದ ಮೇಲೆ ನಗು ನಿಲ್ಲಿಸಿ ಇನ್ನಷ್ಟು ಕೇಳಿದಳು.

ಊಟವಾದ ಮೇಲೆ ನಾನು ಮಾತು ತೆಗೆದೆ.

"ನಾಳೆ ಲಗ್ನರಿ. ಗಾಡಿ ಇಲ್ಲೇ ಬಿಟ್ಟು ಬಸ್ಸಿಗೆ ಹೋಗೂಣು. ಬರೂವಾಗ ನೋಡಿದ್ರಾತು."

"ಗಾಡಿ ಮ್ಯಾಲ ಬರ್ತೇನಿ ಅಂದೇನಿ."

"ಅಂವಗ ನೀವು ಬೇಕೋ ಗಾಡಿ ಬೇಕೋ?"

"ಬಸ್ಸಿನ್ಯಾಗ ಹೋದ್ರ ನಾ ಹೋದಂಗ ಆಗಂಗಿಲ್ಲ. ನಿನಗ ತಿಳಿಯಂಗಿಲ್ಲ, ಸುಮ್ನಿರು."

ತಿಳಿಯದೆ ಏನು. ಊರಲ್ಲಿ ನಾಲ್ಕು ಜನ, "ಹೋಗಿ ಬಾ ಬಹಾದ್ದೂರ, ನಾವೂ ಬರ್ತೀವಿ ನಿಮ್ಮೂರಿಗೆ" ಎಂದು ಹೇಳಿದವರೇ. ಯಾರೂ ಹೋಗಲಿಲ್ಲ. ಇವರಿಗೆ ಆ ಸಾಲಿನಲ್ಲಿ ನಿಲ್ಲುವುದು ಬೇಡವಾಗಿತ್ತು. ಆದರೂ ನನಗೆ ಸಿಟ್ಟು ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದೆ.

ರಾಮ್ದಿ

ಮರುದಿನ ಬೆಳಿಗ್ಗೆಯಿಂದಲೇ ಜಿಟಿಜಿಟಿ ಮಳೆ. ರಾಮ್ದಿಯಲ್ಲಿ ಕಾಳಿಗಂಡಕಿಗೆ ಕಟ್ಟಿದ ಸೇತುವೆಯವರೆಗೆ ಇಳಿಜಾರಾದ್ದರಿಂದ ಬಂದ್ ಬಿದ್ದರೂ ಗಾಡಿ ಉರುಳುತ್ತಿತ್ತು. ಸೇತುವೆ ದಾಟಿ ಏರು ಶುರುವಾಗುವ ಕಡೆ ಮತ್ತೆ ನಿಂತಿತು. ಲಗ್ನದ ದಿನ ಅದು. ಹೊತ್ತು ಏರುತ್ತಿತ್ತು. ಇವರಿಗೆ ತಾಳ್ಮೆ ತಪ್ಪಿತು. ಬಟ್ಟೆಯನ್ನೂ ಹಿಡಿಯದೆ, ಪಾನಾದಿಂದ ಸಡಿಲಿಸಿದ ಕಾದ ಪ್ಲಗ್ಗನ್ನು ಬರಿಗೈಯಲ್ಲಿ ತಿರುವಿ ತೆಗೆದರು. ಕೂಗಿದ್ದು ಕೇಳಿ ನಾನು ತಿರುಗಿದೆ. ಬಲಗೈಯ ಬೆರಳು, ಅಂಗೈ ಎರಡೂ ಸುಟ್ಟಿದ್ದವು.

ಸೇತುವೆಯ ಬಳಿ ಚಹಾದಂಗಡಿ ಇಟ್ಟಿದ್ದ ಹೆಂಗಸು ಏನೂ ಕೇಳದೆ ಇವರನ್ನು ಎಳೆದುಕೊಂಡು ಹೋಗಿ, ಗುಡ್ಡದಿಂದ ಬರುವ ನೀರಿನ ಕೊಳವೆಯ ಕೆಳಗೆ ಕೈ ಹಿಡಿಸಿದಳು. ಬಹಳ ಹೊತ್ತು ಹಿಡಿಸಿದಳು. ಆಮೇಲೆ ಲೋಳಸರದ ತಿರುಳು ಹಚ್ಚಿ, ತೆಳುವಾದ ಬಟ್ಟೆ ಸುತ್ತಿದಳು. ಗುಳ್ಳೆಗಳು ಏಳತೊಡಗಿದ್ದವು. ಆ ಕೈಯಿಂದ ಎಕ್ಸಲೇಟರ್ ತಿರುವುವುದು ಸಾಧ್ಯವೇ ಇರಲಿಲ್ಲ. ಬಂದ ಬಸ್ಸು ಬಾಗಿಲವರೆಗೆ ತುಂಬಿತ್ತು, ನಿಲ್ಲಲಿಲ್ಲ.

"ನಾ ಹೊಡೀತೇನಿ" ಎಂದೆ.

"ನೀ?"

"ಮಾಗಡಿ ಕೆರಿ ತನಕ ಹೊಡದಿಲ್ಲೇನು?"

"ಮಾಗಡಿ ರಸ್ತೆದಾಗ ಇಂಥಾ ತಿರುವು ಎಲ್ಲಿ ಅದಾವು?"

ಅದು ಖರೆ. ನಾನು ಈ ಗಾಡಿ ಕಲಿತದ್ದು ಚಳಿಗಾಲದ ಬೆಳಗುಗಳಲ್ಲಿ, ನಮ್ಮೂರ ಹತ್ತಿರದ ಆ ಕೆರೆಗೆ ಹೊರದೇಶದ ಹಕ್ಕಿಗಳು ಇಳಿದಿರುವಾಗ, ಬಯಲಿನ ರಸ್ತೆಯ ಮೇಲೆ. ಅಲ್ಲಿ ಎದುರಿಗೆ ಬಂದರೆ ಎಮ್ಮೆ ಬರಬೇಕು. ಇಲ್ಲಿ ತಿರುವು ತಿರುವಿಗೂ ಬಸ್ಸು. ಆದರೆ ಬೇರೆ ದಾರಿ ಇರಲಿಲ್ಲ. ಆರಿದ ಪ್ಲಗ್ಗನ್ನು ನಾನೇ ತಿರುವಿ ಹಾಕಿದೆ. ಗಾಡಿ ನನ್ನ ಎರಡನೆಯ ಕಿಕ್ಕಿಗೆ ಚಾಲೂ ಆಯಿತು. ಇವರು ಹಿಂದೆ ಕುಳಿತು, ಎಡಗೈಯಿಂದ ಪಟ್ಟಿಯ ಗುಂಡಿ ಸರಿಯಾಗಿದೆಯೇ ಎಂದು ಮುಂದೆ ಬಗ್ಗಿ ನೋಡಿದರು.

ಮೊದಲ ತಿರುವಿನಲ್ಲಿ ಎರಡೂ ಕಾಲು ಊರಿ ದಾಟಿದೆ. ಎರಡನೆಯದರಲ್ಲಿ, "ಹಾರ್ನ ಹೊಡಿ" ಎಂದರು. ಮೂರನೆಯದಕ್ಕೆ ಅವರು ಹೇಳುವ ಮೊದಲೇ ಹೊಡೆದೆ. ನಾಲ್ಕಾರು ತಿರುವು ಹತ್ತಿದ ಮೇಲೆ ಗಾಡಿ ನನ್ನ ಕೈಯೊಳಗೇ ಬಿಕ್ಕತೊಡಗಿತು.

ಹಿಂದೆ ಕುಳಿತು ಕೇಳುವುದೇ ಬೇರೆ, ಹಿಡಿದು ಹೊಡೆಯುವುದೇ ಬೇರೆ. ಗಿರಣಿಯಲ್ಲಿ ಕರೆಂಟು ಹೋದರೆ ಕಲ್ಲು ಥಟ್ಟನೆ ಸೋಲುತ್ತದೆ. ಮೇಲಿನ ಬಟ್ಟಲಿನಲ್ಲಿ ಕಾಳು ಮುಗಿದರೆ ಹಾಗಲ್ಲ. ಸಪ್ಪಳ ಮೊದಲು ಬರಿದಾಗುತ್ತದೆ, ಕಲ್ಲು ಹಸಿದ ಹಾಗೆ ತಡವರಿಸುತ್ತದೆ. ಈ ಗಾಡಿ ಎರಡನೆಯ ರೀತಿಯಲ್ಲಿ ಸಾಯುತ್ತಿತ್ತು. ನಾನು ಅದನ್ನೇ ಹೇಳಿದೆ.

"ಪ್ಲಗ್ಗಲ್ಲರಿ. ಇದಕ್ಕ ಹೊಟ್ಟಿಗೆ ಇಲ್ಲ."

"ಟಾಕಿ ತುಂಬ ಪೆಟ್ರೋಲ ಐತಿ!"

ಇದೆಯೋ ಇಲ್ಲವೋ ನೋಡೋಣ ಎಂದು ಪಟ್ಟಿಯ ಗುಂಡಿ ಬಿಚ್ಚಿದೆ. ಒದ್ದೆ ರೆಕ್ಸಿನ್ನು ಮುಚ್ಚಳಕ್ಕೆ ಅಂಟಿಕೊಂಡಿತ್ತು. ಕಿತ್ತ ಹಾಗೆ ಎಳೆಯಬೇಕಾಯಿತು. ಎಳೆದ ಕೂಡಲೇ ಮುಚ್ಚಳದೊಳಗಿನಿಂದ ಸುಯ್ಯೆಂದು ಸಪ್ಪಳ ಬಂತು. ಹೊರಗಿನ ಗಾಳಿ ಒಳಗೆ ಹೋಗುವ ಸಪ್ಪಳ.

"ಮನ್ಯಾಗ ಎಣ್ಣಿ ಡಬ್ಬಿಗೆ ಎರಡ ತೂತು ಯಾಕ ಹೊಡಿತೀವ್ರಿ?"

"ಏನ ಹುಚ್ಚರಂಗ ಕೇಳ್ತಿ? ಒಂದ ತೂತಿನ್ಯಾಗ ಎಣ್ಣಿ ಇಳಿಯಂಗಿಲ್ಲ. ಗಾಳಿ ಹೋಗಾಕ ಇನ್ನೊಂದು..."

ಅಷ್ಟಕ್ಕೆ ಅವರೇ ಮುಚ್ಚಳದ ಮೇಲೆ ಬಗ್ಗಿದರು. ಮುಚ್ಚಳದ ನಡುವೆ ಸಣ್ಣ ತೂತಿತ್ತು. ಪೆಟ್ರೋಲು ಕೆಳಗಿಳಿದ ಹಾಗೆ ಗಾಳಿ ಒಳಗೆ ಹೋಗಲೆಂದು ಕಂಪನಿಯವರೇ ಇಟ್ಟದ್ದು. ಅದರ ಮೇಲೆ ಸ್ಪಂಜು ಸಮೇತ ಪಟ್ಟಿ ಬಿಗಿದು, ಮಳೆಯಲ್ಲಿ ತೋಯಿಸಿ, ಅಂಗೈಯಿಂದ ಒತ್ತಿ ನಾವು ಗಾಡಿಯ ಉಸಿರನ್ನು ಕಟ್ಟಿದ್ದೆವು. ಪ್ಲಗ್ಗು ಬಿಚ್ಚಿ ಹಾಕುವಷ್ಟರಲ್ಲಿ ಒಂದಿಷ್ಟು ಗಾಳಿ ಹೇಗೋ ನುಸುಳುತ್ತಿತ್ತು. ಅದು ತೀರುವವರೆಗೆ ಓಟ. ಊರಿನ ಬಿಸಿಲಲ್ಲಿ ಗುಂಡಿ ಹಾಕುವ ಪ್ರಸಂಗವೇ ಬಂದಿರಲಿಲ್ಲ.

ಪಟ್ಟಿಯನ್ನು ಹಿಂದಕ್ಕೆ ಮಡಚಿ, ಮುಚ್ಚಳದ ಮೇಲೆ ಕೊಡೆಯ ಹಾಗೆ ಒಂದು ಪ್ಲಾಸ್ಟಿಕ್ ಬಟ್ಟಲನ್ನು ಸಡಿಲವಾಗಿ ಕಟ್ಟಿದೆ. ಹೊರಟೆವು. ಗಾಡಿ ಹತ್ತಿತು. ಇಳಿಯಿತು. ಮತ್ತೆ ಹತ್ತಿತು. ಸುರಿವ ಮಳೆಯಲ್ಲಿ ಒಂದು ಬಿಕ್ಕೂ ಇಲ್ಲ.

ನಮ್ಮ ಮನೆಯವರು ಒಪ್ಪುವವರಲ್ಲ. ಬಹಳ ದೂರ ಹೋದ ಮೇಲೆ ನಿಲ್ಲಿಸು ಎಂದರು. ಇಳಿದು, ಎಡಗೈಯಿಂದ ಪಟ್ಟಿಯ ಗುಂಡಿಗಳನ್ನು ಒಂದೊಂದಾಗಿ ತಾವೇ ಹಾಕಿದರು. "ಈಗ ಹೊಡಿ, ನೋಡೂಣು." ಹೊಡೆದೆ. ಕೆಲವು ತಿರುವುಗಳಲ್ಲೇ ಬಂದ್ ಬಿತ್ತು. ಅವರು ಮತ್ತೆ ಇಳಿದು ಗುಂಡಿ ಬಿಚ್ಚಿ, ಸುಯ್ಯೆನ್ನುವುದನ್ನು ಬಗ್ಗಿ ಕೇಳಿಸಿಕೊಂಡರು. ಪಟ್ಟಿಯ ಸ್ಪಂಜನ್ನು ಎಡಗೈ ಬೆರಳಲ್ಲಿ ಹಿಸುಕಿ ನೋಡಿದರು.

"ಆ ಗದಗಿನವ ಸ್ಪಂಜ ಬಾಳ ದಪ್ಪ ಹಾಕ್ಯಾನ" ಎಂದರು.

ಪಟ್ಟಿ ಯಾರ ಯೋಚನೆ ಎಂಬುದನ್ನು ನಾನು ನೆನಪಿಸಲಿಲ್ಲ. ಕೈ ಸುಟ್ಟುಕೊಂಡ ಮನುಷ್ಯ.

ವಾಲಿಂಗ್

ಸಂಜೆ ಬಹಾದ್ದೂರನ ಊರಿಗೆ ಹತ್ತಿರದ ಪೇಟೆಯಾದ ವಾಲಿಂಗ್ ಮುಟ್ಟಿದೆವು. ಬಹಾದ್ದೂರನ ಫೋನು ಹತ್ತಲಿಲ್ಲ. ಪೇಟೆಯಲ್ಲಿ, "ಬಹಾದ್ದೂರನ ಮನೆ ಎಲ್ಲಿ?" ಎಂದು ಇವರು ಕೇಳಿದರು. ಅಂಗಡಿಯವನು, "ನಾನೇ ಬಹಾದ್ದೂರ" ಎಂದ. ಪಕ್ಕದವನೂ ಬಹಾದ್ದೂರನೇ. ಅಲ್ಲಿ ಅರ್ಧ ಗಂಡಸರ ಹೆಸರಿನಲ್ಲಿ ಬಹಾದ್ದೂರ ಇದೆ. ಅವನ ಪೂರ್ತಿ ಹೆಸರೇನೆಂದು ಕೇಳಿದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಇಷ್ಟು ವರ್ಷ ನಮ್ಮ ಕಟ್ಟೆಯ ಮೇಲೆ ಚಹಾ ಕುಡಿದವನ ಹೆಸರು ನಮಗೆ ಗೊತ್ತಿರಲಿಲ್ಲ.

"ಕರ್ನಾಟಕದಲ್ಲಿ ಚೌಕೀದಾರ ಇದ್ದ. ಮೊಣಕಾಲು ನೋವು. ಇಂದು ಮಗಳ ಮದುವೆ" ಎಂದು ನಾನು ಗದಗಿನ ಬಜಾರದ ಹಿಂದಿಯಲ್ಲಿ ಜೋಡಿಸಿ ಹೇಳಿದೆ.

"ಓಹೋ, ಮದ್ರಾಸಿ!" ಎಂದು ಅಂಗಡಿಯವನು ನಕ್ಕ. "ಎಲ್ಲದಕ್ಕೂ ಖಾರದ ಪುಡಿ ಹಾಕಿ ತಿನ್ನುತ್ತಾನಲ್ಲ, ಆ ಮದ್ರಾಸಿ ಕಾಕಾ."

ನಮ್ಮೂರಿನಲ್ಲಿ ಗೂರ್ಖಾ, ತನ್ನೂರಿನಲ್ಲಿ ಮದ್ರಾಸಿ. ಅವನ ಹೆಸರು ತಿಲಬಹಾದ್ದೂರ ಎಂದು ಅಂಗಡಿಯವನಿಂದ ತಿಳಿಯಿತು. ಊರು ಗುಡ್ಡದ ಮೇಲೆ, ಕೆಸರಿನ ದಾರಿ. ಈಗ ಹೋಗಬೇಡಿ ಎಂದರು. ಲಗ್ನ ಆಗಲೇ ನಡೆಯುತ್ತಿರಬೇಕು. ನಮಗೆ ವಾಲಿಂಗ್‌ನಲ್ಲೇ ಉಳಿಯದೆ ಗತಿ ಇರಲಿಲ್ಲ.

ಗುಡ್ಡದ ಮೇಲಿನ ಊರು

ಬೆಳಿಗ್ಗೆ ಮಳೆ ಬಿಟ್ಟಿತ್ತು. ಮೊದಲನೆಯ ಗೇರಿನಲ್ಲಿ ಕೆಸರು ಸೀಳಿಕೊಂಡು ಹತ್ತಿದೆವು. ಇವರು ಹಲವು ಕಡೆ ಇಳಿದು ನಡೆದರು. ಮೇಲಿನಿಂದ ವಾದ್ಯದ ಸಪ್ಪಳ ಕೇಳಿತು. ಉದ್ದನೆಯ ಕೊಂಬು, ಡೋಲು, ಶಹನಾಯಿಯಂಥದ್ದು. ಕಲ್ಲಿನ ಮನೆಯ ಅಂಗಳದಲ್ಲಿ ಜನ ತುಂಬಿದ್ದರು. ಹುಡುಗಿಯನ್ನು ಕಳಿಸಿಕೊಡುವ ಹೊತ್ತು.

ಬಹಾದ್ದೂರ ಮೊದಲು ನೋಡಿದ್ದು ಗಾಡಿಯನ್ನು. ತಲೆಯ ಮೇಲೆ ಹೊಸ ಟೊಪ್ಪಿಗೆ, ಕೈಯಲ್ಲಿ ಅದೇ ಥರದ ಕೋಲು. ಈಗ ಅದು ನಡೆಯಲು. ಕುಂಟುತ್ತ ಬಂದು ಹೆಡ್‌ಲೈಟಿನ ಮೇಲೆ ಕೈ ಇಟ್ಟ.

"ಗಾಡಿ ಮ್ಯಾಲ ಬಂದ್ರಿ?" ಎಂದ. ಆಮೇಲೆ ನನ್ನನ್ನು ನೋಡಿ, "ಅಕ್ಕಾರ, ನೀವ ಹೊಡಕೊಂಡ ಬಂದ್ರಿ?"

"ತಡಾ ಆತಪ್ಪಾ" ಎಂದರು ಇವರು. "ಲಗ್ನ ತಪ್ಪಿಸಿದ್ವಿ."

"ಏ, ಬರ್ರಿ, ಕುಂಡ್ರಿ, ಮೊದಲ ಛಾ ಕುಡೀರಿ. ಕೈಗೆ ಏನಾತರಿ?"

ಅಂಗಳದ ಜನ ಮಾತು ನಿಲ್ಲಿಸಿ ಅವನನ್ನೇ ನೋಡುತ್ತಿದ್ದರು. ಮದ್ರಾಸಿ ಕಾಕಾನ ಬಾಯಿಂದ ಆ ಭಾಷೆ ಹೀಗೆ ಹರಿಯುವುದನ್ನು ಅವರು ಕೇಳಿರಲಿಲ್ಲ. ಅವನು ತಿರುಗಿ ತಮ್ಮ ಭಾಷೆಯಲ್ಲಿ ಏನೋ ದೊಡ್ಡದಾಗಿ ಹೇಳಿದ. ನಮ್ಮ ಊರಿನವರು ಬಂದಿದ್ದಾರೆ ಎಂದು ಹೇಳಿದನೆಂದು ಆಮೇಲೆ ಅವನ ಮಗಳು ತಿಳಿಸಿದಳು.

ಹೆಂಗಸರು ನನ್ನನ್ನು ಒಳಗೆ ಕರೆದೊಯ್ದು ಮದುಮಗಳ ಪಕ್ಕ ಕೂರಿಸಿದರು. ಕೆಂಪು ಸೀರೆ, ಕೆಂಪು ಮಣಿಸರ, ಅತ್ತು ಊದಿದ ಕಣ್ಣು. ಹೆಸರು ಸರಿತಾ. ಹಿಂದಿ ನನಗಿಂತ ಚೆನ್ನಾಗಿ ಆಡುತ್ತಿದ್ದಳು. ನಾನು ಒಂದು ಬೆಟಗೇರಿ ಸೀರೆ ಮಡಿಲಿಗೆ ಹಾಕಿದೆ. ಅವಳು ಅದರ ಮೇಲೆ ಕೈ ಇಟ್ಟುಕೊಂಡು ಕೇಳಿದಳು:

"ಅಲ್ಲಿ ಅಪ್ಪ ಹೇಗಿದ್ದರು?"

ನನಗೆ ಪ್ರಶ್ನೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಅಪ್ಪ ವರ್ಷಕ್ಕೊಮ್ಮೆ ಬರುತ್ತಿದ್ದರು, ಒಂದು ತಿಂಗಳು ಇದ್ದು ಹೋಗುತ್ತಿದ್ದರು. ಮಾತು ಕಡಿಮೆ. ಅಲ್ಲಿಯ ವಿಷಯ ಏನೂ ಹೇಳುತ್ತಿರಲಿಲ್ಲ. ರಾತ್ರಿ ನಾಯಿ ಬೊಗಳಿದರೆ ಎದ್ದು ಕುಳಿತು, 'ಯಾರವ್ರಾ ಅಲ್ಲೇ?' ಎನ್ನುತ್ತಿದ್ದರು. ಅದು ಆ ಕಡೆಯ ಯಾವುದೋ ದೇವರ ಹೆಸರು ಎಂದು ಅಮ್ಮ ಅಂದುಕೊಂಡಿದ್ದಳು.

ಅರ್ಥ ಹೇಳಿದೆ. ಅವಳು ನಕ್ಕಳು. ಕೋಣೆಯಲ್ಲಿದ್ದ ಹೆಂಗಸರಿಗೆಲ್ಲ ಹೇಳಿ ನಗಿಸಿದಳು.

ಹೊರಗೆ ಹೊರಡುವ ಗದ್ದಲ ಶುರುವಾಗಿತ್ತು. ನನಗೆ ಇದ್ದದ್ದು ಸ್ವಲ್ಪವೇ ಹೊತ್ತು. ಏನು ಹೇಳುವುದು? ನೆನಪಾದದ್ದನ್ನು ಹೇಳಿದೆ. ನಮ್ಮ ಅತ್ತೆಗೆ ಉಸಿರಾಟ ಕೆಟ್ಟಾಗ ಆಟೋದವನನ್ನು ಎಬ್ಬಿಸಿ ತಂದವನು ನಿಮ್ಮಪ್ಪ. ನಿನ್ನ ಶಾಲೆಯ ಫೋಟೋ ಅವನ ಟೊಪ್ಪಿಗೆಯೊಳಗೆ ಇರುತ್ತಿತ್ತು. ಬೆವರಿಗೆ ಹಾಳಾದರೆ ಇನ್ನೊಂದು ತರಿಸುತ್ತಿದ್ದ. ನೀನು ಹತ್ತನೆಯ ತರಗತಿ ಪಾಸಾದ ದಿನ ಬಜಾರಿನ ಪ್ರತಿ ಅಂಗಡಿಗೂ ಹೋಗಿ ಧಾರವಾಡ ಪೇಢೆ ಹಂಚಿದ. ಲಕ್ಷ್ಮೇಶ್ವರದಲ್ಲಿ ಯಾರನ್ನು ಬೇಕಾದರೂ ಕೇಳು, ಬಹಾದ್ದೂರನ ಮಗಳು ಪಾಸಾದದ್ದು ಗೊತ್ತು.

ಸರಿತಾಳ ನಗು ನಿಂತಿತು.

"ನಾನು ಫೋನು ಮಾಡಿ ಹೇಳಿದಾಗ, 'ಆಯಿತು, ಮುಂದೆ ಓದು' ಎಂದು ಇಟ್ಟುಬಿಟ್ಟಿದ್ದರು" ಎಂದಳು. "ಖುಷಿಯೇ ಆಗಲಿಲ್ಲ ಅಂದುಕೊಂಡಿದ್ದೆ."

ಆಮೇಲೆ ಅವಳು ಅಂಗಳಕ್ಕೆ ಹೋಗಿ ಅಪ್ಪನನ್ನು ತಬ್ಬಿಕೊಂಡ ರೀತಿ ನೋಡಿ ಹೆಂಗಸರೆಲ್ಲ ಅತ್ತರು. ಏನು ಹೇಳಿದಳೋ ಗೊತ್ತಿಲ್ಲ. ಬಹಾದ್ದೂರ ನನ್ನ ಕಡೆ ಒಮ್ಮೆ ನೋಡಿ, ಕಣ್ಣು ಕೆಳಗೆ ಹಾಕಿದ. ಮದುಮಗಳನ್ನು ಕೂರಿಸಿಕೊಂಡ ಜೀಪು ವಾದ್ಯದವರ ಹಿಂದೆ ನಿಧಾನವಾಗಿ ಇಳಿಯಿತು.

ಅಂಗಳ ಅರ್ಧ ಖಾಲಿಯಾಯಿತು. ನಮ್ಮ ಮನೆಯವರಿಗೆ ಒಬ್ಬ ಮುದುಕಿ ಎಡಗೈಯಲ್ಲಿ ಚಮಚ ಹಿಡಿದು ಅನ್ನ ತಿನ್ನಲು ಕಲಿಸುತ್ತಿದ್ದಳು. ಬಹಾದ್ದೂರ ಗಾಡಿಯ ಹತ್ತಿರ ನಿಂತು, ಹೆಗಲ ಮೇಲಿನ ವಸ್ತ್ರದಿಂದ ಸೀಟಿನ ಕೆಸರು ಒರೆಸುತ್ತಿದ್ದ.

"ಅಕ್ಕಾರ, ನಿಮ್ಮೂರಾಗ ಬರೇ ನಡಕೋತನ ಅಡ್ಡಾಡೇನಿ. ಇದರ ಮ್ಯಾಲ ಒಮ್ಮಿನೂ ಕುಂತಿಲ್ಲ. ಆ ತಿರುವಿನ ತನಕ ಬಿಡ್ತೀರೇನ್ರಿ?"

ಕುಂತ. ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ. ನಿಧಾನವಾಗಿ ಗುಡ್ಡದ ಅಂಚಿನ ತಿರುವಿಗೆ ಹೋದೆವು. ಕೆಳಗೆ ದಾರಿ ಸುತ್ತಿ ಸುತ್ತಿ ಇಳಿದಿತ್ತು. ಜೀಪು ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು.

"ಗಾಡಿ ಬಂದ್ ಮಾಡ್ರಿ ಅಕ್ಕಾರ."

ಬಂದ್ ಮಾಡಿದೆ. ಕೊಂಬಿನ ದನಿ ಕೆಳಗಿನಿಂದ ತೇಲಿ ಬಂತು. ಒಂದು ಗುಡ್ಡದ ಮರೆಗೆ ಹೋಗಿ ನಿಂತಿತು, ಆ ಕಡೆಯಿಂದ ಮತ್ತೆ ಸಣ್ಣಗೆ ಬಂತು, ಆಮೇಲೆ ಬರಲಿಲ್ಲ. ಅವನು ಇನ್ನೂ ಸ್ವಲ್ಪ ಹೊತ್ತು ಕಿವಿಗೊಟ್ಟು ಕುಳಿತಿದ್ದ. ನಾನು ತಿರುಗಿ ನೋಡಲಿಲ್ಲ.

"ಆತ್ ಬಿಡ್ರಿ" ಎಂದ ಕೊನೆಗೆ. "ಹೋಗೂಣು. ಮನ್ಯಾಗ ಮಂದಿ ಬಾಳ ಅದಾರ, ಇನ್ನೂ ಎಷ್ಟೋ ಮಂದೀದು ಊಟ ಆಗಿಲ್ಲ."